ಮೀನು ಬಿಡುವ ಕಾರ್ಯಕ್ರಮ

'ಮೀನು ಬಿಡುವುದು' ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಲಾರಿಯಲ್ಲಿ ಬಂದು, ಶಾಮಿಯಾನ ಎದ್ದು, ಹಾರತುರಾಯಿ ಮುಗಿದ ಮೇಲೆ ಗಣ್ಯರು ಮೆಟ್ಟಿಲಿಳಿದು ಬೆರಳುದ್ದದ ಮರಿಗಳನ್ನು ನೀರಿಗೆ ಸುರಿಯುವುದು ಒಂದು. ಗಾಳಕ್ಕೆ ಬಿದ್ದ ದೊಡ್ಡ ಮೀನಿನ ಬಾಯಿಂದ ಕೊಕ್ಕೆ ಬಿಡಿಸಿ, ಅದನ್ನು ಬಂದ ನೀರಿಗೇ ವಾಪಸ್ ಕಳಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿದವರ ಫೋಟೋ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಎರಡನೆಯದನ್ನು ಮಾಡಿದವನಿಗೆ ಸಿರುಗುಪ್ಪದ ಚಹಾದಂಗಡಿಯಲ್ಲಿ ಹುಚ್ಚ ಎಂಬ ಬಿರುದು ಸಿಗುತ್ತದೆ. ನನಗೆ ಸಿಕ್ಕು ಬಹಳ ವರ್ಷವಾಯಿತು.

"ಮೂರು ಕಿಲೋದ ಕೊರವ ಬಿಟ್ಟಿಯಂತಲ್ಲೋ! ತಲಿ ನೆಟ್ಟಗೈತಿಲ್ಲೋ ನಿಂದು?" ಎಂದು ಬಳ್ಳಾರಿಯ ನಮ್ಮ ನೆಂಟರೊಬ್ಬರು ಮದುವೆ ಮನೆಯ ಪಂಕ್ತಿಯಲ್ಲಿ ನಾಲ್ಕು ಎಲೆಯಾಚೆಯಿಂದ ಕೇಳಿದ್ದರು. ಅವರ ಮಾತಿನ ಹಿಂದೆ ಇಡೀ ಜಿಲ್ಲೆ ನಂಬಿರುವ ಒಂದು ಸಿದ್ಧಾಂತವಿದೆ. ಹೊಳೆಯಲ್ಲಿ ಮೀನು ಕಡಿಮೆಯಾದರೆ ಸರ್ಕಾರ ಮರಿ ಬಿಟ್ಟು ತುಂಬಿಸುತ್ತದೆ, ಹಾಗಾಗಿ ಸಿಕ್ಕ ದೊಡ್ಡ ಮೀನನ್ನು ಹೊಡೆಯಲು ಮೀನಮೇಷ ಎಣಿಸಬೇಕಿಲ್ಲ, ಹಿಡಿದು ಬಿಡುವುದು ಉಂಡು ತೇಗಿದವರ ಪರದೇಶಿ ಶೋಕಿ. ಕಂಟ್ರಾಕ್ಟರೂ ಇದನ್ನೇ ಹೇಳುತ್ತಾನೆ, ಮೇಷ್ಟರೂ ಇದನ್ನೇ ಹೇಳುತ್ತಾರೆ. ಬಲೆ ಬೀಸುವ ಬೆಸ್ತರ ಹಿರಿಯರೊಬ್ಬರು ಮಾತ್ರ ಹೇಳುವಾಗ ದನಿ ತಗ್ಗಿಸುತ್ತಾರೆ. ಈ ಸಿದ್ಧಾಂತದ ಒಂದು ಕೀಲೂ ಗಟ್ಟಿಯಾಗಿಲ್ಲ ಎಂಬುದು ನನ್ನ ವಾದ.

ಮೊದಲು ಮೀನಿನ ವಿಷಯ. ಕೊರವ ಎಂದರೆ ಹಾವಿನ ತಲೆಯ, ಉಸಿರಿಗೆ ಮೇಲೆ ಬರುವ, ಕಾಲುವೆಯ ಕೆಸರಿನಲ್ಲಿ ಹೂತುಕೊಂಡಾದರೂ ಬೇಸಿಗೆ ಕಳೆಯುವ ಗಟ್ಟಿ ಜೀವ. ಗಡಿಯಾಚೆಗೆ ಇದು ಕೊರ್ರಮೀನು; ತೆಲಂಗಾಣ ಇದನ್ನು ರಾಜ್ಯದ ಮೀನು ಎಂದೇ ಘೋಷಿಸಿಕೊಂಡಿದೆ. ಸಿರುಗುಪ್ಪದ ಭತ್ತದ ಗದ್ದೆಗೆ ನೀರೊಯ್ಯುವ ಕಾಲುವೆಗಳಲ್ಲಿ, ಕುರುಗೋಡಿನ ಸುತ್ತಿನ ಹಳ್ಳಗಳಲ್ಲಿ, ಹಗರಿ ಬಂದು ತುಂಗಭದ್ರೆ ಸೇರುವ ಕಡೆಯ ಜೊಂಡಿನಲ್ಲಿ ಇದರ ವಾಸ. ಹೊಂಚು ಹಾಕಿ ಕೂತಿರುತ್ತದೆ. ಕಪ್ಪೆ ಜಾರಿದರೆ ನೀರು ಸಿಡಿಯುತ್ತದೆ, ಕಪ್ಪೆ ಇರುವುದಿಲ್ಲ.

ಈ ಸಿಡಿತಕ್ಕೆ ಮರುಳಾಗಿಯೇ ನಾನು ಫ್ಲೈ ಗಾಳ ಹಿಡಿದದ್ದು. ಫ್ಲೈ ಎಂದರೆ ನೊಣ. ನಾನು ಕಟ್ಟುವುದು ಕಪ್ಪೆ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕೊಯ್ದ ಹೆಬ್ಬೆರಳ ತುದಿಯಷ್ಟು ಸ್ಪಂಜು, ಹಿಂಗಾಲಿಗೆ ಎರಡು ಕೋಳಿಪುಕ್ಕ, ಜೊಂಡು ಸಿಕ್ಕದಂತೆ ಕೊಕ್ಕೆಯ ಮುಂದೆ ಬಾಗಿಸಿದ ತಂತಿ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಪ್ಪ ದಾರವೇ ತೂಕ. ಅದು ಹಿಂದಕ್ಕೂ ಮುಂದಕ್ಕೂ ಬೀಸಿ, ಬಾರುಕೋಲಿನಂತೆ ಬಿಚ್ಚಿಕೊಂಡು, ತೂಕವೇ ಇಲ್ಲದ ಆ ಕಪ್ಪೆಯನ್ನು ಜೊಂಡಿನ ಅಂಚಿಗೆ ಸದ್ದಿಲ್ಲದೆ ಇಳಿಸುತ್ತದೆ. ಅಮೆರಿಕದಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಕಂಚಿನ ಮೈಯ ಮೀನಿಗೆ ಹಾಕುವುದೂ ಇಂಥದೇ ತೇಲುವ ಫ್ಲೈ. ಆ ಮೀನು ನಮ್ಮ ಹೊಳೆಯಲ್ಲಿಲ್ಲ, ಬರುವುದೂ ಬೇಡ. ಯಾಕೆ ಬೇಡ ಎಂಬುದಕ್ಕೆ ಮುಂದೆ ಬರುತ್ತೇನೆ. ಆದರೆ ಸ್ವಭಾವದಲ್ಲಿ ಅದು ಕೊರವನ ದಾಯಾದಿ. ಹೊಂಚುಗಾರ, ಜಗಳಗಂಟ, ಮತ್ತು ಮಕ್ಕಳೊಂದಿಗ.

ಈ ಕೊನೆಯ ಗುಣದ ಹತ್ತಿರವೇ ನನ್ನ ಜಗಳವೆಲ್ಲ ಇರುವುದು. ಮುಂಗಾರಿನ ಹೊಸ ನೀರು ಬಂದಾಗ ಕೊರವನ ಜೋಡಿ ಜೊಂಡಿನ ನಡುವೆ ತಟ್ಟೆಯಗಲದ ಜಾಗ ಬಿಡಿಸಿಕೊಳ್ಳುತ್ತದೆ. ಮೊಟ್ಟೆ ತೇಲುತ್ತವೆ, ಒಂದೆರಡು ದಿನದಲ್ಲಿ ಒಡೆಯುತ್ತವೆ. ಮರಿಗಳು ಕೆಂಪಗೆ, ಕುಂಕುಮ ಕದಡಿದ ಹಾಗೆ, ನೀರಿನ ಮೇಲ್ಮೈಯಲ್ಲಿ ಒಟ್ಟಿಗೆ ಕುದಿಯುತ್ತಿರುತ್ತವೆ. ಕೆಳಗೆ ಗೇಣಿನ ಆಳದಲ್ಲಿ ಗಂಡುಹೆಣ್ಣು ಎರಡೂ ವಾರಗಟ್ಟಲೆ ಕಾವಲು. ಹತ್ತಿರ ಬಂದದ್ದು ಏಡಿಯಾಗಲಿ, ಹಾವಾಗಲಿ, ಚಪ್ಪಲಿ ಅಟ್ಟೆಯ ಕಪ್ಪೆಯಾಗಲಿ, ಹಸಿವಿಲ್ಲದಿದ್ದರೂ ಮೇಲೆ ಬೀಳುತ್ತವೆ. ಹಿಡಿಯಲು ಇದಕ್ಕಿಂತ ಸುಲಭದ ಕಾಲ ಇನ್ನೊಂದಿಲ್ಲ. ಕೆಂಪು ಗುಂಪು ಕಂಡರೆ ಸಾಕು, ಎರಡು ಎಸೆತಕ್ಕೆ ಎರಡು ಮೀನು. ಮೋಟರ್‌ಬೈಕಿನ ಹ್ಯಾಂಡಲಿಗೆ ತೂಗುಹಾಕಿಕೊಂಡು ಬಳ್ಳಾರಿಗೆ ಹೋದರೆ ಓಣಿಯೆಲ್ಲ ನೋಡುತ್ತದೆ. ಆ ಹೊತ್ತಿಗೆ ಇಲ್ಲಿ ಕಾಲುವೆಯಲ್ಲಿ ಜಿಲೇಬಿ ಮೀನುಗಳು ನಾಲ್ಕೂ ಕಡೆಯಿಂದ ಬಂದು ಮರಿಗಳ ಊಟ ಮುಗಿಸಿರುತ್ತವೆ. ಕೊಂದದ್ದು ಎರಡಲ್ಲ. ಎರಡರ ಜೊತೆ ಒಂದು ವರ್ಷವನ್ನೂ.

ಇದಕ್ಕೆ ಮುಹೂರ್ತವೂ ಕೂಡಿಬರುತ್ತದೆ. ಮೃಗಶಿರಾ ಮಳೆ ಹುಟ್ಟಿದ ದಿನ ಮೀನು ತಿನ್ನಬೇಕೆಂಬ ನಂಬಿಕೆ ತೆಲುಗು ಸೀಮೆಯದು, ಗಡಿಯಲ್ಲಿರುವ ನಮಗೂ ಅಂಟಿದೆ. ಹೈದರಾಬಾದಿನಲ್ಲಿ ಉಬ್ಬಸದವರಿಗೆ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವುದೂ ಅದೇ ದಿನ, ಅದಕ್ಕೂ ಬೇಕಾದದ್ದು ಕೊರವನ ಮರಿಯೇ. ಜೂನ್ ಎರಡನೇ ವಾರ ಎಂದಿಟ್ಟುಕೊಳ್ಳಿ. ಕೊರವ ಜೋಡಿ ಕಟ್ಟುವ ಹೊತ್ತಿಗೆ ಸರಿಯಾಗಿ ಸಂತೆಯಲ್ಲಿ ಅದರ ಬೆಲೆ ಏರುತ್ತದೆ.

ನನ್ನ ಸೋದರಳಿಯನೊಬ್ಬ ಡೆಟ್ರಾಯಿಟ್ ಹತ್ತಿರ ಇದ್ದಾನೆ. ಸಿರುಗುಪ್ಪದ ಕಾಲುವೆಯಲ್ಲಿ ಎರೆಹುಳ ಸಿಗಿಸಿ ಕಲಿತವನು ಈಗ ಸೇಂಟ್ ಕ್ಲೇರ್ ಸರೋವರದಲ್ಲಿ ಬಾಸ್ ಹಿಡಿಯುತ್ತಾನೆ. ಅಲ್ಲಿ ಗಂಡು ಬಾಸ್ ಕಲ್ಲು ಗುಡಿಸಿ ಗೂಡು ಮಾಡಿ, ಬಾಲದಿಂದ ಗಾಳಿ ಬೀಸುತ್ತ ಮೊಟ್ಟೆ ಕಾಯುತ್ತದೆ. ಅದನ್ನು ಎತ್ತಿದ ಕೆಲವೇ ನಿಮಿಷಗಳಲ್ಲಿ ಸಣ್ಣಪುಟ್ಟ ಮೀನುಗಳು ಗೂಡು ಲೂಟಿ ಮಾಡುತ್ತವೆ. ಆದ್ದರಿಂದ ಆ ಸರೋವರದಲ್ಲಿ ಜೂನ್ ಮೂರನೇ ಶನಿವಾರದವರೆಗೆ ಒಂದು ಬಾಸನ್ನೂ ಇಟ್ಟುಕೊಳ್ಳುವಂತಿಲ್ಲ. ಆಮೇಲೂ 14 ಇಂಚಿಗಿಂತ ಚಿಕ್ಕದು ನೀರಿಗೇ. ಇನ್ನು ದೊಡ್ಡದನ್ನು, ಕಾಯಿದೆ ತಡೆಯದಿದ್ದರೂ, ಹಿಡಿದವರೇ ಬಿಡುತ್ತಾರೆ. ಯಾಕೆಂದರೆ ತಣ್ಣೀರಿನಲ್ಲಿ ಆ ಮೀನು ಮೊಳಕೈಯುದ್ದ ಆಗಲು ಹತ್ತು ವರ್ಷ ದಾಟುತ್ತದೆ. ಜಾತಿಯಲ್ಲೇ ಅತಿ ದೊಡ್ಡದೆಂಬ ದಾಖಲೆ ಟೆನೆಸಿ-ಕೆಂಟಕಿ ಗಡಿಯ ಡೇಲ್ ಹಾಲೋ ಸರೋವರದಲ್ಲಿ 1955ರಲ್ಲಿ ಸಿಕ್ಕ ಮೀನಿನದು, ಸುಮಾರು 5.4 ಕಿಲೋ. ಎಪ್ಪತ್ತು ವರ್ಷದಲ್ಲಿ ಅದನ್ನು ಮೀರಿದ ಬಾಸ್ ಬಂದಿಲ್ಲ. ಹೊಳೆಗೆ ದೊಡ್ಡ ಮೀನು ಕೂಡಿಬರುವುದೇ ಅಪರೂಪ ಎಂದು ಅಲ್ಲಿನವರಿಗೆ ಅರ್ಥವಾದದ್ದು ಅವರು ಪುಣ್ಯವಂತರೆಂದೇನೂ ಅಲ್ಲ. ಅಲ್ಲೂ ಬಾಸ್ ಪಂದ್ಯಗಳಲ್ಲಿ ಮೀನನ್ನು ಹಗ್ಗಕ್ಕೆ ಪೋಣಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪಂದ್ಯ ನಡೆಸುತ್ತಿದ್ದ ರೇ ಸ್ಕಾಟ್ 1972ರಲ್ಲಿ, ಹಿಡಿದದ್ದನ್ನು ಜೀವಂತ ಇಟ್ಟು ತೂಗಿ ಬಿಡಬೇಕೆಂಬ ನಿಯಮ ತಂದ. ಅವನೊಬ್ಬ ವ್ಯಾಪಾರಿ. ಸರಕು ತೀರಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಅದು ಅಮೆರಿಕ. ಇಲ್ಲಿ ಇಲಾಖೆ ಮರಿ ಬಿಡ್ತೈತಿ" ಎನ್ನುತ್ತೀರಿ. ಬಿಡುವುದೇನು ಎಂದು ಚೀಲ ಬಿಚ್ಚಿ ನೋಡಿದ್ದೀರಾ? ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಮೊದಲ ಮೂರು ಗಂಗೆಯ ಕಡೆಯ ಮೀನುಗಳೆಂದೇ ಹೆಸರಾದವು, ನಾಲ್ಕನೆಯದು ದೇಶವೇ ಬೇರೆ. ಪ್ರತಿ ಜುಲೈ 10ರಂದು ಮೀನು ಕೃಷಿಕರ ದಿನ ಆಚರಿಸುತ್ತೇವೆ. 1957ರ ಆ ದಿನ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಈ ಗೆಂಡೆಗಳಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದರು. ದೊಡ್ಡ ಸಾಧನೆ, ಒಪ್ಪಿದೆ; ದೇಶದ ಕೆರೆಹೊಂಡಗಳಲ್ಲಿ ಇವತ್ತು ಬೆಳೆಯುವ ಮೀನಿಗೆ ಅದೇ ಬೀಜ. ಆದರೆ ಆ ಸೂಜಿ ಬೇಕಾದದ್ದು ಯಾಕೆ? ನಿಂತ ನೀರಿನಲ್ಲಿ ಅವು ತಾವಾಗಿ ಮೊಟ್ಟೆ ಇಡುವುದಿಲ್ಲ ಎಂದು. ಕೊರವನಿಗೆ ಸೂಜಿ ಬೇಡ, ಲಾರಿ ಬೇಡ, ಭಾಷಣ ಬೇಡ. ಅದು ಕೇಳುವುದು ಎಂಟು ವಾರ ಯಾರೂ ಮುಟ್ಟದೆ ಇರುವುದನ್ನು. ಜುಲೈ 10ರಂದು ಶಾಮಿಯಾನದಡಿ ನಾವು ಚಪ್ಪಾಳೆ ತಟ್ಟುವಾಗ, ಅರ್ಧ ಮೈಲಿ ಆಚೆಯ ಕಾಲುವೆಯಲ್ಲಿ ಆ ಎಂಟು ವಾರದ ನಡುಮಧ್ಯ ನಡೆದಿರುತ್ತದೆ.

ನಮ್ಮ ಹಿರಿಯರು ಹೊಳೆಗೆ ಸುರಿದರೂ ಅಳೆದು ಸುರಿ ಅಂದಿದ್ದರು. ನಾವು ಅಳೆಯುವುದು ಸುರಿದದ್ದನ್ನು ಮಾತ್ರ. ಎಷ್ಟು ಲಕ್ಷ ಮರಿ ಬಿಟ್ಟೆವು ಎಂಬ ಲೆಕ್ಕ ವರದಿಯಲ್ಲಿರುತ್ತದೆ, ಎಷ್ಟು ಉಳಿದವು ಎಂಬ ಸಾಲು ಇರುವುದಿಲ್ಲ. ಬೆರಳುದ್ದದ ಮರಿಯನ್ನು ತುಂಬಿದ ಹೊಳೆಗೆ ಬಿಟ್ಟರೆ ಅದರ ಗತಿ ಏನಾಗುತ್ತದೆಂದು ಊಹಿಸಲು ಪದವಿ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪದಲ್ಲಿ ನಾವು ದಂಡೆಯ ಮೇಲೆ ನಿಂತು ನೀರನ್ನೇ ನೋಡಿದ್ದೆವಲ್ಲ. ಆ ನೀರಿನಲ್ಲಿ ಬೆರಳುದ್ದದ ಜೀವ ಯಾವ ಕಲ್ಲು ಹಿಡಿದು ನಿಂತೀತು? ಹಳೆಯ, ದೊಡ್ಡ, ಜಾಗ ಬಲ್ಲ ಮೀನು ಮಡುವಿನ ಬಂಡೆಯ ಹಿಂದೆ ಸೇರಿಕೊಂಡಿರುತ್ತದೆ.

ಜಿಲೇಬಿಯ ಕಥೆಯೂ ಇಲ್ಲಿಯದೇ. ಮೊಜಾಂಬಿಕ್ ತಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ, ಬಡವರ ಹೊಟ್ಟೆ ತುಂಬಿಸುತ್ತದೆ ಎಂದು. ಬಾಯಲ್ಲೇ ಮರಿ ಸಾಕುವ ಜಾತಿ. ಅಂಗೈಯಗಲ ಆಗುವ ಮೊದಲೇ ಸಂಸಾರ ಹೂಡುತ್ತದೆ. ಈಗ ಕಾಲುವೆ ತುಂಬ ಅದೇ, ಮುಳ್ಳೇ ಹೆಚ್ಚು. ಅದನ್ನು ತಿಂದು ಹದ್ದಿನಲ್ಲಿಡುವ ಕಸುಬು ಕೊರವನದು, ಬಾಳೆಮೀನಿನದು. ದೊಡ್ಡ ಬೇಟೆಗಾರ ಮೀನನ್ನೆಲ್ಲ ಸಾರಿಗೆ ಹಾಕಿ, ಆಮೇಲೆ "ಹೊಳ್ಯಾಗ ಬರೀ ಜಿಲೇಬಿ" ಎಂದು ಗೊಣಗುವುದು ಬೆಕ್ಕನ್ನು ಓಡಿಸಿ ಇಲಿಗೆ ಬೈದಂತೆ.

ಮರಿ ಬಿಡುವ ಭಕ್ತಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕಾವೇರಿಯನ್ನು ನೋಡಬೇಕು. ಇದನ್ನು ಹೇಳುವಾಗ ನನ್ನ ಜಾತಿಯವರಾದ ಗಾಳದವರ ಮೇಲೂ ಕಲ್ಲು ಬೀಳುತ್ತದೆ, ಬೀಳಲಿ. ಕಬಿನಿಯಲ್ಲಿ 1946ರಲ್ಲಿ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದದ್ದು ಇಂದಿಗೂ ದಾಖಲೆ. ಅದು ಗೂನುಬೆನ್ನಿನ ಮಹಶೀರ್, ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಸದುದ್ದೇಶದಿಂದ 1970ರ ದಶಕದಿಂದ ಲೋಣಾವಳದ ಟಾಟಾ ಮರಿಕೇಂದ್ರದಿಂದ ನೀಲಿ ರೆಕ್ಕೆಯ ಇನ್ನೊಂದು ಮಹಶೀರನ್ನು ತಂದು ಬಿಡುತ್ತ ಹೋದರು. ಗಾಳದವರ ಸಂಘವೂ ಕೈಜೋಡಿಸಿತು. ಲಾರಿ ಬಂತು, ಮೀನು ಹೆಚ್ಚಿತು, ಎಲ್ಲರಿಗೂ ಖುಷಿ. ಕಾವೇರಿ ದಂಡೆಯ ಗಾಲಿಬೋರೆಯ ಮೀನುಗಾರಿಕೆ ಶಿಬಿರದಲ್ಲಿ ಹಿಡಿದು ಬಿಟ್ಟ ಪ್ರತಿ ಮೀನನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ಬಿಚ್ಚಿ ಕೂಡಿದಾಗ ಗೊತ್ತಾಯಿತು: ಹೆಚ್ಚಿದ್ದು ತಂದುಬಿಟ್ಟ ನೀಲಿ ರೆಕ್ಕೆ, ಕರಗಿದ್ದು ಊರಿನ ಗೂನುಬೆನ್ನು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾಗುವ ಹೊತ್ತಿಗೆ ಅದು ತೀವ್ರ ಅಪಾಯದ ಪಟ್ಟಿಗೆ ಸೇರುವ ಸ್ಥಿತಿಯಲ್ಲಿತ್ತು.

ಈ ಕಥೆಯಲ್ಲಿ ಎರಡು ಬಗೆಯ ಬಿಡುವಿಕೆಯೂ ಇವೆ. ಲಾರಿಯಿಂದ ಬಿಟ್ಟದ್ದು ಮನೆಯ ಮೀನನ್ನು ಮೂಲೆಗೆ ನೂಕಿತು. ಕೈಯಿಂದ ಬಿಟ್ಟದ್ದು, ಬಿಟ್ಟು ಬರೆದಿಟ್ಟದ್ದು, ಆ ಸುದ್ದಿಯನ್ನಾದರೂ ಹೇಳಿತು. ಗಾಲಿಬೋರೆ ಇರುವ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತ ಮೇಲೆ ಪುಸ್ತಕವೂ ಮುಚ್ಚಿತು. ಇನ್ನು ಸ್ಮಾಲ್‌ಮೌತ್ ನಮಗೆ ಬೇಡ ಅಂದೆನಲ್ಲ: ಅದನ್ನು 1937ರಲ್ಲಿ ದಕ್ಷಿಣ ಆಫ್ರಿಕಕ್ಕೆ ಒಯ್ದು ಬಿಟ್ಟರು. ಕೇಪ್ ಸೀಮೆಯ ಹಳ್ಳಗಳ ಸಣ್ಣ ಮೀನುಗಳನ್ನೆಲ್ಲ ಅದು ಬಳಿದು ತಿಂದಿತು. ಕೊನೆಗೆ ರೊಂಡೆಗಾಟ್ ಎಂಬ ಹೊಳೆಗೆ 2012ರಲ್ಲೂ ಮರುವರ್ಷವೂ ವಿಷ ಹಾಕಿ ಅದನ್ನು ಕಿತ್ತು ತೆಗೆಯಬೇಕಾಯಿತು. ಸೇಂಟ್ ಕ್ಲೇರಿನಲ್ಲಿ ಮುತ್ತಿನಂತೆ ನೋಡಿಕೊಳ್ಳುವ ಮೀನು ಅದೇ.

"ಬಡವ ಹಸಿದಾನ, ನೀ ಮೀನು ಬಿಡು ಅಂತೀಯಲ್ಲ" ಎಂಬುದು ನನಗೆ ಬೀಳುವ ದೊಡ್ಡ ಏಟು. ಆದರೆ ಈ ಏಟು ಕೊಡುವವರು ಯಾರೆಂದು ನೋಡಿ. ಹರಿಗೋಲಿನಲ್ಲಿ ರಾತ್ರಿ ಕಳೆದು ಬೆಳಗ್ಗೆ ಬಲೆ ಕೊಡವುವವನಿಂದ ಈ ಮಾತು ಕೇಳಿಲ್ಲ. ಭಾನುವಾರ ಕಾರಿನಲ್ಲಿ ಬಂದು, ಫ್ರಿಜ್ಜಿನಲ್ಲಿ ಕೋಳಿ ಇಟ್ಟು ಬಂದವರಿಂದ ಕೇಳಿದ್ದೇನೆ. ಬಡವನ ಹಸಿವನ್ನು ಇವರು ಬಾಡಿಗೆಗೆ ತಂದಿದ್ದಾರೆ. ಬೆಸ್ತರವನಿಗೆ ನಾನು ಬಿಡು ಎನ್ನುವುದಿಲ್ಲ, ಆ ಮಾತು ಆಡುವ ಯೋಗ್ಯತೆಯೂ ನನಗಿಲ್ಲ. ನನ್ನ ತಕರಾರು ಶೋಕಿಗೆ ಹಿಡಿಯುವ ನನ್ನಂಥವರ ಮೇಲೆ. ನಾವು ಆಷಾಢದಲ್ಲಿ ಹೊಡೆದ ಒಂದು ಜೋಡಿ ಕೊರವ, ಎರಡು ವರ್ಷ ಬಿಟ್ಟು ಅವನ ಬಲೆಗೆ ಬೀಳಬೇಕಿದ್ದ ಬುಟ್ಟಿ ಮೀನು. ಬಡವನ ಪರ ನಿಂತವರು ಬಡವನ ಜೇಬಿಗೇ ಕೈ ಹಾಕಿದ್ದಾರೆ.

ಅದಿರಿನ ಊರಿನವರಾದ ನಮಗೆ ಈ ಲೆಕ್ಕ ಇಷ್ಟು ಕಷ್ಟವಾಗಬಾರದಿತ್ತು. ಬಗೆದು ಲಾರಿಗೆ ತುಂಬುವುದಷ್ಟೇ ವ್ಯವಹಾರ ಎಂದು ನಂಬಿದ್ದೆವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಳಿಗೆ ಬೀಗ ಹಾಕಿಸಬೇಕಾಯಿತು. ಗುಡ್ಡಕ್ಕೆ ಮರಿ ಹಾಕಲು ಬಾರದು, ಪಾಪ. ಮೀನಿಗೆ ಬರುತ್ತದೆ. ಆದರೂ ಮೀನನ್ನು ಗುಡ್ಡದ ಹಾಗೆಯೇ ಬಗೆಯುತ್ತೇವೆ.

ಶಾಕಾಹಾರಿ ಮಿತ್ರರ ಆಕ್ಷೇಪ ಬೇರೆ ದಿಕ್ಕಿನದು. ತಿನ್ನದೆ ಇರುವವನು ಚುಚ್ಚುವುದೇಕೆ, ಆಟಕ್ಕಾಗಿ ನೋವು ಕೊಡುವುದು ತಿನ್ನಲು ಕೊಲ್ಲುವುದಕ್ಕಿಂತ ಹೀನವಲ್ಲವೆ? ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿರುತ್ತೇನೆ, ಕೈ ಒದ್ದೆ ಮಾಡಿಕೊಂಡು ಹಿಡಿಯುತ್ತೇನೆ, ನೀರಿನಿಂದ ಎತ್ತದೆ ಬಿಡಿಸುತ್ತೇನೆ. ಹಾಗಿದ್ದೂ ಬಿಟ್ಟ ಮೀನೊಂದು ಸತ್ತು ತೇಲಿದ್ದನ್ನು ನೋಡಿದ್ದೇನೆ. ಅವತ್ತು ಗಾಳ ಮಡಚಿ ಮನೆಗೆ ಬಂದಿದ್ದೆ. ಹಿಂಸೆ ಎನ್ನಿ, ತಲೆ ತಗ್ಗಿಸುತ್ತೇನೆ. ಆದರೆ ನಾನು ಎಂದೂ ಹೊಳೆಗೆ ಬರದೆ ಇರುವುದರಿಂದ ಮೀನಿಗೆ ಸುಖ ಎಂಬ ಮಾತನ್ನು ಒಪ್ಪಲಾರೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದಕ್ಕೆ 1897ರ ಮೀನುಗಾರಿಕೆ ಕಾಯಿದೆಯಲ್ಲೇ ಶಿಕ್ಷೆಯಿದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದು ಮೀಸಲು ಮಾಡಿದರು. ಕಾಯಿದೆ ಕಾಗದದಲ್ಲಿರುತ್ತದೆ, ಸಿಡಿಮದ್ದು ನೀರಿನಲ್ಲಿ ಸಿಡಿಯುತ್ತದೆ. ಆ ಸದ್ದು ಕೇಳಲು ದಂಡೆಯ ಮೇಲೆ ಬೆಳಗಿನ ಜಾವ ಯಾರಾದರೂ ಇರಬೇಕು. ನಾಯಿ, ಬೆಸ್ತ ಮತ್ತು ಗಾಳದ ಹುಚ್ಚ, ಈ ಮೂವರನ್ನು ಬಿಟ್ಟರೆ ಆ ಹೊತ್ತಿನಲ್ಲಿ ಅಲ್ಲಿ ನಾನು ಇನ್ನಾರನ್ನೂ ನೋಡಿಲ್ಲ.

ಪರದೇಶಿ ಶೋಕಿ ಎಂಬ ಮಾತೂ ನಿಲ್ಲದು. ಫ್ಲೈ ಕೋಲು ಪರದೇಶದ್ದು ಹೌದು. ದೊಡ್ಡ ಮೀನನ್ನು ಮುಟ್ಟದೆ ಬಿಡುವುದು ಪರದೇಶದ್ದೆ? ಇದೇ ಹೊಳೆಯ ಮೇಲ್ದಂಡೆಯಲ್ಲಿ, ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ನಿಂತು ನಮ್ಮವರೇ ಮಂಡಕ್ಕಿ ಎಸೆಯುತ್ತಾರೆ. ತೊಡೆಗಾತ್ರದ ಮೀನುಗಳು ಕಾಲ ಬಳಿ ಬಾಯಿ ತೆರೆಯುತ್ತವೆ, ಯಾರ ಕೈಯೂ ಏಳುವುದಿಲ್ಲ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲೂ ಹಾಗೇ. ಕಪಿಲೆಯ ದಂಡೆಯ ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ದೇವರ ಮೀನುಗಳನ್ನು ಕೊಂದಾಗ ಊರವರು ಮೀನಿಗೆ ಸ್ಮಾರಕ ಕಟ್ಟಿದರು. ಅದೇ ತುಂಗೆ ಭದ್ರೆಯನ್ನು ಕೂಡಿಕೊಂಡು, ಹರಿಹರದ ಕಾರ್ಖಾನೆ ದಾಟಿ, ಅಣೆಕಟ್ಟೆ ಇಳಿದು ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ಅದರ ಮೀನು ದೇವರಾಗಿ ಉಳಿದಿರುವುದಿಲ್ಲ, ಕಿಲೋ ಆಗಿರುತ್ತದೆ. ನಾನು ಗುಡಿ ಕಟ್ಟಿ ಎಂದು ಕೇಳುತ್ತಿಲ್ಲ. ಮೃಗಶಿರಾದಿಂದ ಆಶ್ಲೇಷಾವರೆಗೆ ಕಾಲುವೆಯಲ್ಲಿ ಗಾಳದವರು ಕೊರವನನ್ನು ಮನೆಗೊಯ್ಯಬಾರದು ಎಂಬ ಒಂದು ಕಟ್ಟು ಹಾಕಿ. ಮರಿ ಬಿತ್ತನೆಯ ವರದಿಯಲ್ಲಿ ಉಳಿದ ಮರಿಯ ಕಾಲಂ ಒಂದು ಸೇರಿಸಿ. ಗೆಂಡೆಯನ್ನು ಹೊಂಡದಲ್ಲಿ ಸಾಕಿ, ಹೊಳೆಯನ್ನು ಹೊಳೆಯ ಮೀನಿಗೆ ಬಿಡಿ.

ಹೋದ ವರ್ಷ ಕುರುಗೋಡಿನ ಆಚೆ ಒಂದು ಉಪಕಾಲುವೆಯ ತಿರುವಿನಲ್ಲಿ ಕೆಂಪು ಗುಂಪು ಕಂಡಿತ್ತು. ದಾರ ಸುತ್ತಿಕೊಂಡು ದಂಡೆಯಲ್ಲಿ ಕೂತೆ. ದೂರದಲ್ಲಿ ನಾಟಿಯವರು ಹಾಡುತ್ತಿದ್ದರು. ತಾಯಿಯೋ ತಂದೆಯೋ ಒಮ್ಮೆ ಮೇಲೆ ಬಂದು ಗಾಳಿ ಗುಟುಕರಿಸಿ ಇಳಿಯಿತು. ಮೂರು ಕಿಲೋಗೆ ಕಡಿಮೆಯಿರಲಿಲ್ಲ. ಮುಂದಿನ ಭಾನುವಾರ ಹೋದಾಗ ಮರಿಗಳ ಕೆಂಪು ಮಾಸಿ ಬೆನ್ನು ಕಪ್ಪಗಾಗತೊಡಗಿತ್ತು. ಅದರ ಮುಂದಿನ ಭಾನುವಾರ ಅದೇ ತಿರುವಿನಲ್ಲಿ ಜಿಲೇಬಿಗಳು ಆಡುತ್ತಿದ್ದವು. ಜಾಲಿಯ ಗೂಟಕ್ಕೆ ಕಟ್ಟಿದ್ದ ನೈಲಾನ್ ದಾರದ ತುದಿ ಗಾಳಿಗೆ ಅಲುಗುತ್ತಿತ್ತು. ದಂಡೆಯ ಕೆಸರಿನಲ್ಲಿ ಬೈಕಿನ ಟೈರಿನ ಗುರುತು ರಸ್ತೆಯತನಕ ಹೋಗಿತ್ತು.